ತೂಕ ಇಳಿಸಲು ಯಾವ ಮಷಿನ್ ಹತ್ತಲಿ: ಟ್ರೆಡ್‌ಮಿಲ್ಲಾ, ಕ್ರಾಸ್ ಟ್ರೈನರಾ, ಸೈಕಲ್ಲಾ?

ಯಲಹಂಕ_ನ್ಯೂಟೌನ್
ಎಲ್ಲರಿಗೂ ನಮಸ್ಕಾರ. ವಯಸ್ಸು 43, ಎತ್ತರ 5 ಅಡಿ 7 ಇಂಚು, ತೂಕ 84 ಕೆ.ಜಿ. ಬ್ಯಾಂಕ್ ಕೆಲಸ, ದಿನವಿಡೀ ಕುರ್ಚಿ. ಸೊಂಟದ ಸುತ್ತಳತೆ 100 ಸೆಂ.ಮೀ. ದಾಟಿದೆ. ನಮ್ಮ ಅಪಾರ್ಟ್‌ಮೆಂಟ್ ಜಿಮ್‌ನಲ್ಲಿ ಎರಡು ಟ್ರೆಡ್‌ಮಿಲ್, ಒಂದು ಕ್ರಾಸ್ ಟ್ರೈನರ್ (ನಿಂತುಕೊಂಡು ಕಾಲು, ಕೈ ಒಟ್ಟಿಗೆ ಆಡಿಸುವುದು), ಮಾಮೂಲಿ ಸೀಟಿನ ಒಂದು ಸೈಕಲ್, ಬೆನ್ನು ಒರಗಿಸಿ ಕೂರುವ ಇನ್ನೊಂದು ಸೈಕಲ್ ಇವೆ. ಮೂಲೆಯಲ್ಲಿ ಯಾರೂ ಮುಟ್ಟದ, ದೋಣಿಗೆ ಹುಟ್ಟು ಹಾಕುವಂತೆ ಎಳೆಯುವ ರೋಯಿಂಗ್ ಮಷಿನ್ ಒಂದಿದೆ, ಅದರ ಮೇಲೆ ಎಲ್ಲರೂ ಟವೆಲ್ ಹಾಕುತ್ತಾರೆ. ಬೆಳಿಗ್ಗೆ ಆರರಿಂದ ಏಳು ನನಗೆ ಸಿಗುವ ಸಮಯ. ಅದರಲ್ಲಿ ಕಾರ್ಡಿಯೋಗೆ 30 ನಿಮಿಷ ಇಡಬಹುದು.

ಟ್ರೈನರ್ ಹೇಳುವುದು, "ಸರ್, ಕ್ರಾಸ್ ಟ್ರೈನರ್ ಹತ್ತಿ. ಅರ್ಧ ಗಂಟೆಗೆ 450 ಕ್ಯಾಲೊರಿ. ಟ್ರೆಡ್‌ಮಿಲ್ ಮಂಡಿಗೆ ಕೆಟ್ಟದ್ದು." ಪಕ್ಕದ ಬ್ಲಾಕ್‌ನವರು ಹೇಳುವುದು, "ಓಡದೆ ಹೊಟ್ಟೆ ಕರಗಲ್ಲ." ಹೆಂಡತಿ ಹೇಳುವುದು, "ಮೊದಲು ರಾತ್ರಿ ಎರಡನೇ ಸಲ ಅನ್ನ ಬಡಿಸಿಕೊಳ್ಳೋದು ನಿಲ್ಲಿಸಿ." ಯಾರ ಮಾತು ಕೇಳಲಿ?

ಕಬ್ಬನ್‌ಪಾರ್ಕ್_ಓಟ
ಓಡಿ ಸರ್, ಅಷ್ಟೇ. ಯಲಹಂಕದಲ್ಲಿದ್ದುಕೊಂಡು ಜಕ್ಕೂರು ಕೆರೆ ಬಿಟ್ಟು ನಾಲ್ಕು ಗೋಡೆ ಮಧ್ಯೆ ಯಾಕೆ? ಮಷಿನ್ ಬೇಕೇ ಬೇಕು ಅಂದರೆ ಟ್ರೆಡ್‌ಮಿಲ್ಲಿನಲ್ಲಿ ವೇಗ 8ಕ್ಕೆ (ಗಂಟೆಗೆ 8 ಕಿ.ಮೀ.) ಇಟ್ಟು ಓಡಿ. ಕ್ರಾಸ್ ಟ್ರೈನರ್ ಮೇಲೆ ಹತ್ತಿದವರು ಅರ್ಧ ಗಂಟೆ ಕಾಲು ಆಡಿಸಿ ಮೊಬೈಲ್ ನೋಡಿ ಇಳಿಯುತ್ತಾರೆ, ಬೆವರೂ ಬಂದಿರುವುದಿಲ್ಲ.

ಫಿಸಿಯೋ_ದಾವಣಗೆರೆ
ಓಟಗಾರರೇ, ಸ್ವಲ್ಪ ತಡೆಯಿರಿ. ಇಷ್ಟು ವರ್ಷ ಕುರ್ಚಿಯಲ್ಲಿದ್ದವರನ್ನು ಮೊದಲ ದಿನವೇ 8ಕ್ಕೆ ಓಡಿಸಿದರೆ ಅವರು ಮೂರನೇ ವಾರಕ್ಕೆ ನಮ್ಮ ಕ್ಲಿನಿಕ್ಕಿನಲ್ಲಿರುತ್ತಾರೆ. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡರಿಂದ ಮೂರು ಪಟ್ಟು ಹೊರೆ ಕಾಲಿನ ಮೇಲೆ ಬೀಳುತ್ತದೆ. ನಡೆಯುವಾಗ ಅದು ತೂಕಕ್ಕಿಂತ ಸ್ವಲ್ಪವೇ ಜಾಸ್ತಿ. ಓಟ ಕೆಟ್ಟದ್ದಲ್ಲ, ಮಂಡಿಯನ್ನು ಸವೆಸಿಬಿಡುತ್ತದೆ ಅನ್ನುವುದೂ ಸರಿಯಲ್ಲ. ಆದರೆ ಸ್ನಾಯು, ಎಲುಬು, ಹಿಮ್ಮಡಿಯ ಸ್ನಾಯುರಜ್ಜು ಆ ಹೊರೆಗೆ ಒಗ್ಗಿಕೊಳ್ಳಲು ತಿಂಗಳುಗಳು ಬೇಕು.

ಯಲಹಂಕದವರೇ, ಮೂರು ಪ್ರಶ್ನೆ. ಮಂಡಿ ನೋವು ಇದೆಯಾ? ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುತ್ತೀರಾ? ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆ ಆಗಿದೆಯಾ? ಇದಕ್ಕೆ ಉತ್ತರ ಕೊಡದೆ ಯಾವ ಮಷಿನ್ ಅಂತ ಕೇಳಿದರೆ ನಾವೂ ಕಣ್ಣುಮುಚ್ಚಿ ಹೇಳಬೇಕಾಗುತ್ತದೆ.

ಹುಬ್ಬಳ್ಳಿ_ಮಿರ್ಚಿ
ನಿಮ್ಮ ಮನೆಯವರು ಹೇಳಿದ್ದ ಖರೆ ಅದ ನೋಡ್ರಿ. ಉಳಿದದ್ದೆಲ್ಲ ಆಮೇಲೆ.

ಯಲಹಂಕ_ನ್ಯೂಟೌನ್
ಮೇಡಂ, ಮೆಟ್ಟಿಲು ಇಳಿಯುವಾಗ ಬಲ ಮಂಡಿ ಸ್ವಲ್ಪ ಹಿಡಿಯುತ್ತದೆ, ಹತ್ತುವಾಗ ಏನೂ ಇಲ್ಲ. ಬಿಪಿಗೆ ಮಾತ್ರೆ ಇದೆ, ಪಟ್ಟಿಯ ಮೇಲೆ ಮೆಟೊಪ್ರೊಲಾಲ್ ಅಂತ ಬರೆದಿದೆ. ಶುಗರ್ ಗಡಿಯಲ್ಲಿದೆ. ಮನೆಯಲ್ಲಿ ಯಾರಿಗೂ ಹೃದಯದ ತೊಂದರೆ ಇಲ್ಲ. ಮಾತ್ರೆ ಶುರು ಮಾಡುವಾಗ ಡಾಕ್ಟರು ಎಕೋ (ಹೃದಯದ ಸ್ಕ್ಯಾನ್), ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ) ಎರಡೂ ಮಾಡಿಸಿದ್ದರು, ಮೂರನೇ ಹಂತ ಮುಗಿಸಿ ಇಳಿದೆ, ನಾರ್ಮಲ್ ಅಂದರು. ಆದರೂ ಅಪ್ಪು ಹೋದ ಮೇಲೆ ನಮ್ಮ ಮನೆಯಲ್ಲಿ ಜಿಮ್ ಅಂದರೆ ಅಮ್ಮನಿಗೆ ಭಯ. ನಿಜ ಹೇಳಬೇಕೆಂದರೆ ನನಗೂ.

ಫಿಸಿಯೋ_ದಾವಣಗೆರೆ
ಆ ಭಯ ಎಲ್ಲರಿಗೂ ಇತ್ತು. 2021ರ ಅಕ್ಟೋಬರ್ ಕೊನೆಗೆ ಅವರು ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿ ನಿಂತದ್ದು ನೆನಪಿದೆ ಅಲ್ವಾ? ತಪಾಸಣೆ ಮಾಡಿಸಿದ್ದು ಒಳ್ಳೆಯದೇ. ಆದರೆ ಭಯಪಟ್ಟು ಕೂತಲ್ಲೇ ಕೂರುವುದರಿಂದ ಹೃದಯಕ್ಕೆ ಲಾಭ ಇಲ್ಲ. ನೀವು ಪರೀಕ್ಷೆ ಮಾಡಿಸಿದ್ದೀರಿ. ನಾಳೆ ಶುರು ಮಾಡುವ ಮೊದಲು ಅದೇ ಡಾಕ್ಟರಿಗೆ ಒಂದು ಫೋನ್ ಮಾಡಿ, ಇಷ್ಟು ಜೋರಾಗಿ ಮಾಡಬೇಕೆಂದಿದ್ದೇನೆ ಅಂತ ಹೇಳಿ.

ಇನ್ನೊಂದು ಮುಖ್ಯ ಮಾತು. ಮೆಟೊಪ್ರೊಲಾಲ್ ಬೀಟಾ ಬ್ಲಾಕರ್ ಜಾತಿಯ ಮಾತ್ರೆ. ಅದು ನಾಡಿಬಡಿತವನ್ನು ಹತ್ತಿಕ್ಕುತ್ತದೆ. ಹಾಗಾಗಿ 220ರಲ್ಲಿ ವಯಸ್ಸು ಕಳೆದು ಗರಿಷ್ಠ ನಾಡಿಬಡಿತ ಹೇಳುವ ಲೆಕ್ಕ ನಿಮಗೆ ನಡೆಯುವುದಿಲ್ಲ. 177 ಬಂತು, ಅದರ 70% ಅಂದರೆ 124, ಅಲ್ಲಿಗೆ ಮುಟ್ಟಿಸಲೇಬೇಕು ಅಂತ ಹಟ ಹಿಡಿಯಬೇಡಿ. ಮಷಿನ್ ಹಿಡಿಕೆಯಲ್ಲಿ 105 ತೋರಿಸುತ್ತಿರುವಾಗಲೇ ನೀವು ಏದುಸಿರು ಬಿಡುತ್ತಿರಬಹುದು. ನಿಮಗೆ ಸರಿಯಾದ ಅಳತೆ ಮಾತು. ಪೂರ್ತಿ ವಾಕ್ಯ ಆಡಲು ಆಗುತ್ತದೆ, ಹಾಡು ಹೇಳಲು ಆಗುವುದಿಲ್ಲ ಅಂದರೆ ಹದ ಸರಿಯಿದೆ. ಎರಡೇ ಪದಕ್ಕೆ ಉಸಿರು ಕಟ್ಟಿದರೆ ಇಳಿಸಿ. ಎದೆ ಬಿಗಿದರೆ, ದವಡೆ ಅಥವಾ ತೋಳಿಗೆ ನೋವು ಹರಿದರೆ, ತಲೆ ತಿರುಗಿದರೆ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ. ಗ್ಯಾಸ್ ಇರಬಹುದು ಅಂತ ಮನೆಗೆ ಹೋಗಿ ಮಲಗಬೇಡಿ.

ಲೆಕ್ಕದ_ಮೇಷ್ಟ್ರು
ಟ್ರೈನರ್ ಹೇಳಿದ 450 ನೋಡಿ ಸುಮ್ನೆ ಇರಲು ಆಗಲಿಲ್ಲ. ಲೆಕ್ಕ ಹಾಕೋಣ.

ವ್ಯಾಯಾಮದ ತೀವ್ರತೆಗೆ ಮೆಟ್ ಅನ್ನುವ ಅಳತೆ ಇದೆ. ಸುಮ್ನೆ ಕೂತಿರುವುದು 1 ಮೆಟ್. ಮೆಟ್ ಅನ್ನು ತೂಕದಿಂದ, ಗಂಟೆಯಿಂದ ಗುಣಿಸಿದರೆ ಸುಮಾರಾಗಿ ಕ್ಯಾಲೊರಿ ಬರುತ್ತದೆ. ಕ್ರಾಸ್ ಟ್ರೈನರ್ ಅನ್ನು ಮಧ್ಯಮ ಜೋರಿನಲ್ಲಿ ಮಾಡಿದರೆ 5 ಮೆಟ್ ಅಂತ ಪಟ್ಟಿಗಳಲ್ಲಿ ಕೊಡುತ್ತಾರೆ. 84 ಕೆ.ಜಿ., ಅರ್ಧ ಗಂಟೆ: 210. ಅರ್ಧ ಗಂಟೆಗೆ 450 ಬೇಕು ಅಂದರೆ 10.7 ಮೆಟ್ ಆಗಬೇಕು. ಅದು ಗಂಟೆಗೆ 10 ಕಿ.ಮೀ. ವೇಗದಲ್ಲಿ ಒಂದೇ ಸಮ ಓಡುವವರ ಲೆಕ್ಕ. ಹೊಸದಾಗಿ ಹತ್ತಿದವರು ಕ್ರಾಸ್ ಟ್ರೈನರ್ ಮೇಲೆ ಅದನ್ನು ಐದು ನಿಮಿಷವೂ ಹಿಡಿಯಲಾರರು.

ಈಗ ಟ್ರೆಡ್‌ಮಿಲ್. ಇದಕ್ಕೆ ಅಮೆರಿಕದ ಕ್ರೀಡಾ ವೈದ್ಯರ ಸಂಸ್ಥೆ ಎಸಿಎಸ್‌ಎಂ ಕೊಟ್ಟ ಸೂತ್ರ ಇದೆ. ನಡಿಗೆಗೆ: ನಿಮಿಷಕ್ಕೆ ಎಷ್ಟು ಮೀಟರ್ ಅನ್ನುವುದನ್ನು 0.1ರಿಂದ ಗುಣಿಸಿ, ಅದಕ್ಕೆ ವೇಗ ಗುಣಿಸು ಏರು (ಬೆಲ್ಟ್ ಮುಂದಕ್ಕೆ ಎಷ್ಟು ಮೇಲೆದ್ದಿದೆ ಅನ್ನುವುದು, 5% ಅಂದರೆ 0.05) ಗುಣಿಸು 1.8 ಸೇರಿಸಿ, ಮೇಲೆ 3.5 ಕೂಡಿಸಿ. ಬಂದದ್ದನ್ನು 3.5ರಿಂದ ಭಾಗಿಸಿದರೆ ಮೆಟ್.

ಗಂಟೆಗೆ 5 ಕಿ.ಮೀ. ನಡಿಗೆ, ಸಮತಟ್ಟು: 3.4 ಮೆಟ್, ಯಲಹಂಕದವರ ತೂಕಕ್ಕೆ ಅರ್ಧ ಗಂಟೆಗೆ 140 ಕ್ಯಾಲೊರಿ. ಅದೇ 5 ಕಿ.ಮೀ., ಏರು 5%: 5.5 ಮೆಟ್, 230. ಅದೇ 5 ಕಿ.ಮೀ., ಏರು 10%: 7.7 ಮೆಟ್, 320. ಇನ್ನು ಓಟಗಾರರು ಹೇಳಿದ 8 ಕಿ.ಮೀ. ಓಟ, ಸಮತಟ್ಟು: 8.6 ಮೆಟ್, 360.

ನೋಡಿದಿರಾ? ಓಟಕ್ಕೂ ಏರು ನಡಿಗೆಗೂ ಇರುವ ವ್ಯತ್ಯಾಸ 40 ಕ್ಯಾಲೊರಿ. ಎರಡು ಬಿಸ್ಕತ್ತು. ಮಂಡಿಗೆ ಬೀಳುವ ಪೆಟ್ಟು ಮಾತ್ರ ಎಲ್ಲಿಂದೆಲ್ಲಿಗೋ.

ನಿಮ್ಮ ಟಿಎಂಟಿಯನ್ನೇ ನೆನಪಿಸಿಕೊಳ್ಳಿ. ಅಲ್ಲಿ ನಿಮ್ಮನ್ನು ಓಡಿಸಿದರಾ? ಇಲ್ಲ. ಸಿಯಾಟಲ್‌ನ ಡಾ. ರಾಬರ್ಟ್ ಬ್ರೂಸ್ 1963ರಲ್ಲಿ ಪ್ರಕಟಿಸಿದ ಕ್ರಮವೇ ಇವತ್ತಿಗೂ ಹೆಚ್ಚಿನ ಆಸ್ಪತ್ರೆಗಳಲ್ಲಿ ನಡೆಯುವುದು. ಮೊದಲ ಮೂರು ನಿಮಿಷ ಗಂಟೆಗೆ 2.7 ಕಿ.ಮೀ., ಆದರೆ ಏರು 10%. ಆಮೇಲೆ 4 ಕಿ.ಮೀ., ಏರು 12%. ಮೂರನೇ ಹಂತ 5.5 ಕಿ.ಮೀ., ಏರು 14%. ಆ ಹೊತ್ತಿಗೆ 10 ಮೆಟ್ ದಾಟಿರುತ್ತದೆ, ಬೆವರು ಇಳಿಯುತ್ತಿರುತ್ತದೆ, ಆದರೂ ನೀವು ನಡೆಯುತ್ತಲೇ ಇರುತ್ತೀರಿ.

ಕಬ್ಬನ್‌ಪಾರ್ಕ್_ಓಟ
ಮೇಷ್ಟ್ರೇ, ಲೆಕ್ಕ ಒಪ್ಪಿದೆ. ಆದರೆ 10% ಏರಿನಲ್ಲಿ ಅರ್ಧ ಗಂಟೆ ನಡೆಯುವುದು ಮಕ್ಕಳಾಟ ಅಲ್ಲ. ಮೀನಖಂಡ ಹರಿದುಹೋದಂತಾಗುತ್ತದೆ. ಕಾಗದದ ಮೇಲೆ ಬರೆದಷ್ಟು ಸುಲಭ ಅಂತ ಅಂದುಕೊಳ್ಳಬೇಡಿ.

ಫಿಸಿಯೋ_ದಾವಣಗೆರೆ
ಅದು ನಿಜ. 10% ಗುರಿ, ಮೊದಲ ದಿನದ ಪಾಠ ಅಲ್ಲ. ಮೊದಲ ವಾರ 4.5 ಕಿ.ಮೀ. ವೇಗಕ್ಕೆ 2 ಅಥವಾ 3% ಸಾಕು. ವೇಗ ಅಲ್ಲೇ ಬಿಟ್ಟು ವಾರಕ್ಕೊಂದು ಶೇಕಡಾ ಏರಿಸಿ. ಮೀನಖಂಡ, ಹಿಮ್ಮಡಿ ಬಿಗಿದರೆ ಆ ವಾರ ಏರಿಸಬೇಡಿ. ನಿಮ್ಮ ಮಂಡಿ ಇಳಿಯುವಾಗ ಹಿಡಿಯುತ್ತದೆ, ಹತ್ತುವಾಗ ಇಲ್ಲ ಅಂದಿರಿ. ಟ್ರೆಡ್‌ಮಿಲ್‌ನಲ್ಲಿ ಇಳಿಜಾರು ಇಲ್ಲ, ಬರೀ ಹತ್ತುವುದೇ. ನಿಮ್ಮ ಮಟ್ಟಿಗೆ ಅದು ಬೆಟ್ಟಕ್ಕಿಂತಲೂ ವಾಸಿ.

ಮಷಿನ್_ರಿಪೇರಿ
ನಾನು ಜಿಮ್ ಮಷಿನ್ ಸರ್ವಿಸ್ ಮಾಡುವವನು, ತುಮಕೂರು ರಸ್ತೆಯಿಂದ ಹೊಸೂರು ರಸ್ತೆವರೆಗೆ ಅಪಾರ್ಟ್‌ಮೆಂಟ್ ಜಿಮ್‌ಗಳೇ ನನ್ನ ಗಿರಾಕಿಗಳು. ಮೇಷ್ಟ್ರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ.

ಒಂದು, ಸ್ಕ್ರೀನಿನ ಕ್ಯಾಲೊರಿ. ಮಷಿನ್‌ಗೆ ನೀವು ಯಾರು ಅಂತ ಗೊತ್ತಿಲ್ಲ. ಶುರುವಿನಲ್ಲಿ ತೂಕ, ವಯಸ್ಸು ಕೇಳುತ್ತದೆ, ನೂರಕ್ಕೆ ತೊಂಬತ್ತು ಜನ ಕ್ವಿಕ್ ಸ್ಟಾರ್ಟ್ ಒತ್ತಿ ಹೊರಡುತ್ತಾರೆ. ಆಗ ಅದು ಕಂಪನಿಯವರು ತುಂಬಿಟ್ಟ ಯಾವುದೋ ಒಂದು ತೂಕ ಹಿಡಿದು ಲೆಕ್ಕ ಹಾಕುತ್ತದೆ. ಟ್ರೆಡ್‌ಮಿಲ್‌ನಲ್ಲಿ ವೇಗ, ಏರು ಎರಡೂ ಮಷಿನ್‌ಗೆ ಗೊತ್ತಿರುವುದರಿಂದ ಅಂದಾಜು ತೀರಾ ದೂರ ಹೋಗುವುದಿಲ್ಲ. ಕ್ರಾಸ್ ಟ್ರೈನರ್‌ನಲ್ಲಿ ಹಾಗಲ್ಲ. ಒಂದೊಂದು ಕಂಪನಿಯ ಹೆಜ್ಜೆ ಉದ್ದ ಬೇರೆ, ಹಿಂದಿನ ಗಾಲಿ ಭಾರ ಬೇರೆ. ಎಲ್ಲಕ್ಕಿಂತ ಉದಾರವಾಗಿ ಸಂಖ್ಯೆ ಹಂಚುವುದು ಅದೇ. ಒಮ್ಮೆ ಗಾಲಿಗೆ ವೇಗ ಸಿಕ್ಕಿತು ಅಂದರೆ ಅದೇ ನಿಮ್ಮ ಕಾಲನ್ನು ತಳ್ಳುತ್ತದೆ, ನೀವು ಸವಾರಿ ಮಾಡುತ್ತೀರಿ, ಸ್ಕ್ರೀನ್ ಮಾತ್ರ ಎಣಿಸುತ್ತಲೇ ಇರುತ್ತದೆ.

ಎರಡು, ಹಿಡಿಕೆ. ಇದು ನಾನು ದಿನಾ ನೋಡುವುದು. ಏರು 12ಕ್ಕೆ ಇಟ್ಟು ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಜೋತುಬೀಳುತ್ತಾರೆ. ತೋಳು ನೇರ, ದೇಹ ಬೆಲ್ಟಿಗೆ ಲಂಬ. ಆಗ ಏರು ಎಲ್ಲಿ ಉಳಿಯಿತು? ಹಗ್ಗ ಕಟ್ಟಿ ಎಳೆಸಿಕೊಂಡಂತೆ ಆಯಿತು. ಅಂಥ ಜಿಮ್‌ಗಳಲ್ಲಿ ಕಂಬಿಯ ರಬ್ಬರ್ ಮೊದಲು ಕಿತ್ತುಬರುತ್ತದೆ, ಬೆಲ್ಟ್ ಆಮೇಲೆ. ಕೈ ಬಿಟ್ಟು ನಡೆಯಲು ಆಗದಿದ್ದರೆ ಏರು ಇಳಿಸಿ.

ಎರಡು_ಮಕ್ಕಳ_ಅಮ್ಮ
ಟ್ರೆಡ್‌ಮಿಲ್ ಪುರಾಣ ಕೇಳಿ ಸಾಕಾಯಿತು. ನಮ್ಮ ಜಿಮ್‌ನಲ್ಲಿ ಸಂಜೆ ಅದು ಖಾಲಿ ಸಿಗುವುದೇ ಇಲ್ಲ. ಹತ್ತಿದವರು ಫೋನ್‌ನಲ್ಲಿ ಮಾತಾಡುತ್ತಾ 3ರ ವೇಗದಲ್ಲಿ ಗಂಟೆಗಟ್ಟಲೆ ಇರುತ್ತಾರೆ, ಇಳಿಯಿರಿ ಅನ್ನಲು ಆಗುತ್ತದಾ? ನಾನು ಸೈಕಲ್ ಹಿಡಿದೆ. ಖಾಲಿ ಇರುತ್ತದೆ, ಸದ್ದಿಲ್ಲ, ಮಗಳ ಪಾಠದ ಆಡಿಯೋ ಕೇಳಬಹುದು. ಎರಡನೇ ಹೆರಿಗೆ ಆದ ಮೇಲೆ ಸೊಂಟ ನೋವಿತ್ತು, ಅದಕ್ಕೆ ಒರಗಿ ಕೂರುವ ಸೈಕಲ್ಲೇ ಹಿತವಾಯಿತು. ತೂಕವೂ ಇಳಿಯುತ್ತಿದೆ. ನಿಧಾನ, ಆದರೆ ಇಳಿಯುತ್ತಿದೆ. ಮೇಷ್ಟ್ರೇ, ನನ್ನ ಸೈಕಲ್ಲಿಗೆ ಲೆಕ್ಕ ಇಲ್ಲವಾ?

ಲೆಕ್ಕದ_ಮೇಷ್ಟ್ರು
ಇದೆ ತಾಯಿ, ಸೈಕಲ್ಲಿನ ಲೆಕ್ಕವೇ ಎಲ್ಲಕ್ಕಿಂತ ನೇರ. ಸ್ಕ್ರೀನಿನಲ್ಲಿ ವ್ಯಾಟ್ ಅಂತ ಒಂದು ಸಂಖ್ಯೆ ಇದ್ದರೆ ಅದನ್ನು ನೋಡಿ, ಕ್ಯಾಲೊರಿ ನೋಡಬೇಡಿ. 100 ವ್ಯಾಟ್‌ನಲ್ಲಿ ಅರ್ಧ ಗಂಟೆ ತುಳಿದರೆ ಪೆಡಲ್‌ಗೆ ಹೋದ ಶಕ್ತಿ 180 ಕಿಲೋಜೌಲ್. ನಮ್ಮ ದೇಹ ಖರ್ಚು ಮಾಡಿದ್ದರಲ್ಲಿ ಕಾಲುಭಾಗದ ಆಸುಪಾಸು ಮಾತ್ರ ಪೆಡಲ್‌ಗೆ ತಲುಪುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಒಂದು ಕ್ಯಾಲೊರಿಗೆ 4.2 ಕಿಲೋಜೌಲ್ ಆದ್ದರಿಂದ ಎರಡೂ ಹೊಡೆದುಹೋಗಿ ಹೆಚ್ಚುಕಡಿಮೆ ಅದೇ 180 ಕ್ಯಾಲೊರಿ ಬರುತ್ತದೆ. ವ್ಯಾಟ್ ಎಷ್ಟು ಏರುತ್ತದೋ ಕ್ಯಾಲೊರಿಯೂ ಅಷ್ಟೇ ಏರುತ್ತದೆ.

ಒಂದು ತಿರುವು ಇದೆ. ಸೈಕಲ್ಲಿನಲ್ಲಿ ನಿಮ್ಮ ತೂಕವನ್ನು ಸೀಟು ಹೊರುತ್ತದೆ. ಟ್ರೆಡ್‌ಮಿಲ್‌ನಲ್ಲಿ ನೀವೇ ಹೊರಬೇಕು. ಹಾಗಾಗಿ 84 ಕೆ.ಜಿ.ಯವರಿಗೆ ಟ್ರೆಡ್‌ಮಿಲ್‌ನಲ್ಲಿ ಸಿಗುವ ಹೆಚ್ಚುವರಿ ಲಾಭ ಸೈಕಲ್ಲಿನಲ್ಲಿ ಸಿಗುವುದಿಲ್ಲ, 60 ಕೆ.ಜಿ.ಯವರಿಗೆ ನಷ್ಟವೂ ಇಲ್ಲ. ಮಂಡಿ, ಸೊಂಟ ನೋವಿದ್ದವರಿಗೆ ಸೀಟು ತೂಕ ಹೊರುವುದೇ ವರ.

ಫಿಸಿಯೋ_ದಾವಣಗೆರೆ
ಸೀಟಿನ ಎತ್ತರ ಯಾರೂ ಸರಿ ಮಾಡಿಕೊಳ್ಳುವುದಿಲ್ಲ. ಹಿಂದಿನವರು ಬಿಟ್ಟುಹೋದ ಎತ್ತರದಲ್ಲೇ ಕೂತು ತುಳಿಯುತ್ತಾರೆ. ಮಾಮೂಲಿ ಸೈಕಲ್ ಆದರೆ ಪೆಡಲ್ ಪೂರ್ತಿ ಕೆಳಗೆ ಬಂದಾಗ ಮಂಡಿ ಸ್ವಲ್ಪವೇ ಮಡಚಿರಬೇಕು, ಪೂರ್ತಿ ನೇರ ಆಗಬಾರದು. ಸೀಟಿನ ಪಕ್ಕ ನಿಂತು ಅದನ್ನು ಸೊಂಟದ ಮೂಳೆಯ ಮಟ್ಟಕ್ಕೆ ತಂದರೆ ಹತ್ತಿರ ಹತ್ತಿರ ಸರಿ ಬರುತ್ತದೆ. ಸೀಟು ತಗ್ಗಿದ್ದರೆ ಮಂಡಿಚಿಪ್ಪಿನ ಮುಂದೆ ನೋವು ಶುರು. ಸೈಕಲ್ ತುಳಿದು ಮಂಡಿ ಹೋಯಿತು ಅಂತ ಬರುವವರಲ್ಲಿ ಎಷ್ಟೋ ಜನರ ಕಥೆ ಸೀಟಿನಲ್ಲೇ ಮುಗಿಯುತ್ತದೆ.

ರೀಲ್ಸ್_ರಾಜ
ಗುರುಗಳೇ, 12-3-30 ಅಂತ ಇನ್‌ಸ್ಟಾದಲ್ಲಿ ಬರುತ್ತಲ್ಲ, ಅದೂ ಇದೇ ತಾನೇ? ಏರು 12, ವೇಗ 3, 30 ನಿಮಿಷ. ನಾನು ಮಾಡುತ್ತಿದ್ದೇನೆ, ಆರಾಮಾಗಿ ಆಗುತ್ತದೆ. ಎಲ್ಲರೂ ಸಾಯುವಷ್ಟು ಕಷ್ಟ ಅಂತಾರೆ, ನನಗೇನೂ ಅನ್ನಿಸಲಿಲ್ಲ.

ಲೆಕ್ಕದ_ಮೇಷ್ಟ್ರು
ಆರಾಮಾಗಿ ಆಗುತ್ತಿದೆಯಾ? ನಿಮ್ಮ ಮಷಿನ್ ಕಿಲೋಮೀಟರ್ ತೋರಿಸುತ್ತದಾ, ಮೈಲಿಯಾ?

ರೀಲ್ಸ್_ರಾಜ
ಕಿಲೋಮೀಟರ್.

ಲೆಕ್ಕದ_ಮೇಷ್ಟ್ರು
ಅಲ್ಲೇ ಇದೆ ಗುಟ್ಟು. ಅದನ್ನು 2019ರಲ್ಲಿ ಯೂಟ್ಯೂಬ್‌ಗೆ ಹಾಕಿದ ಲಾರೆನ್ ಜಿರಾಲ್ಡೊ ಅಮೆರಿಕದವರು. ಅವರ 3 ಅಂದರೆ 3 ಮೈಲಿ, ನಮ್ಮ ಲೆಕ್ಕದಲ್ಲಿ 4.8 ಕಿ.ಮೀ. ಆ ವೇಗಕ್ಕೆ 12% ಏರು ಅಂದರೆ 8.3 ಮೆಟ್, ಹೆಚ್ಚುಕಡಿಮೆ ಓಟ. ನೀವು 3 ಕಿ.ಮೀ.ಯಲ್ಲಿ ಮಾಡಿದರೆ 5.5 ಮೆಟ್. ಅದೂ ಕೆಟ್ಟದ್ದಲ್ಲ, ಮುಂದುವರಿಸಿ. ನಾಳೆಯೇ 4.8ಕ್ಕೆ ಹಾರಬೇಡಿ.

ಮಷಿನ್_ರಿಪೇರಿ
12 ಅನ್ನುವುದನ್ನೂ ನಂಬಬೇಡಿ. ಕೆಲವು ಮಷಿನ್‌ಗಳಲ್ಲಿ ಅದು ಶೇಕಡಾ ಅಲ್ಲ, ಬರೀ ಲೆವೆಲ್. 15 ಲೆವೆಲ್ ಇದ್ದರೂ ನಿಜವಾದ ಏರು ಅದಕ್ಕಿಂತ ಕಡಿಮೆ ಇರಬಹುದು. ಅನುಮಾನ ಇದ್ದರೆ ಒಂದು ಟೇಪ್ ಸಾಕು. ಬೆಲ್ಟಿನ ಅಂಚಿನಲ್ಲಿ ಒಂದು ಮೀಟರ್ ಗುರುತು ಮಾಡಿ, ಎರಡೂ ತುದಿಯ ಎತ್ತರ ನೆಲದಿಂದ ಅಳೆಯಿರಿ. ವ್ಯತ್ಯಾಸ 10 ಸೆಂ.ಮೀ. ಬಂದರೆ ಏರು 10%. ಮಷಿನ್ ಆಫ್ ಮಾಡಿ ಅಳೆಯಿರಿ ಮತ್ತೆ.

ಕುಡ್ಲದ_ಗಾಳಿ
ಯಲಹಂಕದವರು ಮೂಲೆಯಲ್ಲಿ ರೋಯಿಂಗ್ ಮಷಿನ್ ಇದೆ ಅಂದರಲ್ಲ, ಅದರ ಬಗ್ಗೆ ಯಾರೂ ಮಾತೇ ಆಡುತ್ತಿಲ್ಲ ಮಾರಾಯ್ರೆ! ನನಗಂತೂ ಅದೇ ಬೆಸ್ಟ್. ಕಾಲು, ಬೆನ್ನು, ಕೈ ಎಲ್ಲಾ ಒಟ್ಟಿಗೆ ಕೆಲಸ ಮಾಡುತ್ತದೆ, ಮಂಡಿಗೆ ಪೆಟ್ಟು ಇಲ್ಲ.

ಜನ ಯಾಕೆ ಹತ್ತಿರ ಹೋಗುವುದಿಲ್ಲ ಅಂದರೆ ಎಳೆಯುವ ಕ್ರಮ ಗೊತ್ತಿಲ್ಲ. ಕೂತ ಕೂಡಲೇ ಕೈಯಿಂದ ಎಳೆಯಲು ಹೋಗುತ್ತಾರೆ, ಎರಡು ನಿಮಿಷಕ್ಕೆ ತೋಳು ಸೋಲುತ್ತದೆ, ಬೆನ್ನು ಹಿಡಿಯುತ್ತದೆ. ಮೊದಲು ಕಾಲಿನಿಂದ ತಳ್ಳಬೇಕು. ಕಾಲು ಹತ್ತಿರ ಹತ್ತಿರ ನೇರ ಆದ ಮೇಲೆ ಬೆನ್ನು ಸ್ವಲ್ಪ ಹಿಂದಕ್ಕೆ. ಕೊನೆಗೆ ಕೈ, ಹಿಡಿಕೆ ಪಕ್ಕೆಲುಬಿನ ಕೆಳಗೆ ಬರಬೇಕು. ವಾಪಸು ಹೋಗುವಾಗ ತಿರುಗಾ ಮುರುಗಾ: ಕೈ, ಬೆನ್ನು, ಕಾಲು. ಹೋಗುವಾಗ ಆತುರ ಬೇಡ. ನಿಮಿಷಕ್ಕೆ 20ರಿಂದ 24 ಎಳೆತ ಸಾಕು.

ಮತ್ತೆ ಆ ಪಕ್ಕದ ಸಣ್ಣ ಲಿವರ್, 1ರಿಂದ 10ರವರೆಗೆ ಇರುತ್ತದೆ. ಗಂಡಸರು ಬಂದವರೇ 10ಕ್ಕೆ ತಳ್ಳುತ್ತಾರೆ. ಗಾಳಿ ಮಷಿನ್‌ನಲ್ಲಿ ಅದು ಕಷ್ಟದ ಅಳತೆ ಅಲ್ಲ ಮಾರಾಯ್ರೆ, ಒಳಗೆ ಎಷ್ಟು ಗಾಳಿ ಬಿಡುತ್ತದೆ ಅನ್ನುವುದು, ಸೈಕಲ್ ಗೇರ್ ತರಹ. 3ರಿಂದ 5ರ ಮಧ್ಯೆ ಇಡಿ. ಜೋರು ಬೇಕಾದರೆ ಕಾಲಿನಿಂದ ಜೋರಾಗಿ ತಳ್ಳಿ, ಅದೇ ಭಾರ ಕೊಡುತ್ತದೆ.

ಯಲಹಂಕ_ನ್ಯೂಟೌನ್
ಅಕ್ಕ, ನಮ್ಮದರ ಮೇಲಿನ ಟವೆಲ್ ತೆಗೆದು ನೋಡಿದೆ. ಲಿವರ್ ಇದೆ, 10ರಲ್ಲೇ ಇದೆ!

ಇನ್ನೊಂದು ಸಂಶಯ. ಟ್ರೆಡ್‌ಮಿಲ್‌ನಲ್ಲಿ ಫ್ಯಾಟ್ ಬರ್ನ್ ಅಂತ ಬಟನ್ ಇದೆ. ಒತ್ತಿದರೆ ವೇಗ ಕಡಿಮೆ ಆಗುತ್ತದೆ. ನಿಧಾನ ಹೋದರೆ ಕೊಬ್ಬು ಜಾಸ್ತಿ ಕರಗುತ್ತದಾ?

ಲೆಕ್ಕದ_ಮೇಷ್ಟ್ರು
ಅರ್ಧ ಸತ್ಯ. ನಿಧಾನ ಹೋದಾಗ ಸುಡುವುದರಲ್ಲಿ ಕೊಬ್ಬಿನ ಪಾಲು ಜಾಸ್ತಿ, ಜೋರು ಮಾಡಿದಾಗ ಸಕ್ಕರೆಯ ಪಾಲು ಜಾಸ್ತಿ. ಆದರೆ 140ರಲ್ಲಿ ದೊಡ್ಡ ಪಾಲು, 320ರಲ್ಲಿ ಸಣ್ಣ ಪಾಲು, ಎರಡೂ ಹತ್ತಿರ ಹತ್ತಿರ ಬರಬಹುದು. ಮೇಲಾಗಿ ಆ ಅರ್ಧ ಗಂಟೆಯಲ್ಲಿ ಏನು ಸುಟ್ಟಿತು ಅನ್ನುವುದರಿಂದ ತೂಕ ನಿರ್ಧಾರ ಆಗುವುದಿಲ್ಲ. ಇಡೀ ದಿನದಲ್ಲಿ ತಿಂದದ್ದಕ್ಕಿಂತ ಖರ್ಚು ಜಾಸ್ತಿ ಆಯಿತಾ ಅನ್ನುವುದೇ ಲೆಕ್ಕ. ಆ ಬಟನ್ ಒತ್ತಿದರೆ ಪಾಪ ಬರುವುದಿಲ್ಲ, ಪುಣ್ಯವೂ ಇಲ್ಲ.

ರೀಲ್ಸ್_ರಾಜ
ಎಚ್‌ಐಐಟಿ (ಸ್ವಲ್ಪ ಹೊತ್ತು ಜೋರು, ಸ್ವಲ್ಪ ಹೊತ್ತು ನಿಧಾನ) ಮಾಡಿದರೆ 24 ಗಂಟೆ ಕ್ಯಾಲೊರಿ ಸುಡುತ್ತಲೇ ಇರುತ್ತಂತಲ್ಲ?

ಫಿಸಿಯೋ_ದಾವಣಗೆರೆ
ಸುಡುತ್ತದೆ, ಆದರೆ ರೀಲ್ಸ್‌ನಲ್ಲಿ ಹೇಳಿದಷ್ಟಲ್ಲ. ಆಮೇಲೆ ಸುಡುವುದು ವ್ಯಾಯಾಮದಲ್ಲಿ ಸುಟ್ಟದ್ದರ ಸಣ್ಣ ಪಾಲು. ಕೊಬ್ಬು ಇಳಿಸುವುದರಲ್ಲಿ ಜೋರು ತುಣುಕುಗಳಿಗೂ ಒಂದೇ ಸಮದ ವ್ಯಾಯಾಮಕ್ಕೂ ದೊಡ್ಡ ಅಂತರ ಕಂಡಿಲ್ಲ. ಸಮಯ ಉಳಿಯುತ್ತದೆ, ಅದು ಅದರ ಲಾಭ. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಅದರ ತಂಟೆಗೆ ಹೋಗುವುದು ಬೇಡ.

ಮೈಸೂರು_ಮೆಟ್ಟಿಲು
ನಿಮ್ಮ ಜಿಮ್‌ನಲ್ಲಿ ಮೆಟ್ಟಿಲು ಮಷಿನ್ ಇಲ್ಲವಾ? ಎಸ್ಕಲೇಟರ್ ಹಾಗೆ ಮೆಟ್ಟಿಲು ಕೆಳಗೆ ಬರುತ್ತಿರುತ್ತದೆ, ನಾವು ಹತ್ತುತ್ತಲೇ ಇರಬೇಕು. 9 ಮೆಟ್ ಅಂತಾರೆ. ನಾನು ಭಾನುವಾರ ಚಾಮುಂಡಿ ಬೆಟ್ಟದ 1008 ಮೆಟ್ಟಿಲು ಹತ್ತುತ್ತೇನೆ, ವಾರದ ದಿನಗಳಲ್ಲಿ ಮಷಿನ್. ಬೆಟ್ಟದಲ್ಲಿ ನಂದಿ ಹತ್ತಿರ ನಿಂತು ಉಸಿರು ತೆಗೆದುಕೊಳ್ಳಬಹುದು, ಮಷಿನ್ ಅದಕ್ಕೂ ಬಿಡುವುದಿಲ್ಲ.

ಅಂದ ಹಾಗೆ, ಟ್ರೆಡ್‌ಮಿಲ್ಲಿನ ಅಜ್ಜ ಇದೇ ಮೆಟ್ಟಿಲು. 1818ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಕ್ಯೂಬಿಟ್ ಜೈಲಿನ ಕೈದಿಗಳಿಗೆ ಅಂತ ಮಾಡಿದ ದೊಡ್ಡ ಚಕ್ರ. ಕೈದಿಗಳು ಸಾಲಾಗಿ ನಿಂತು ಅದರ ಹಲಗೆಗಳನ್ನು ಹತ್ತುತ್ತಲೇ ಇರಬೇಕು, ಚಕ್ರ ತಿರುಗುತ್ತಲೇ ಇರುತ್ತದೆ. ಆ ಕಾಲದಲ್ಲಿ ಶಿಕ್ಷೆ. ಈಗ ನಾವು ವರ್ಷದ ಮೆಂಬರ್‌ಶಿಪ್ ಮುಂಗಡ ಕಟ್ಟಿ ಹತ್ತುತ್ತೇವೆ.

ಹುಬ್ಬಳ್ಳಿ_ಮಿರ್ಚಿ
ಊಟದ ಸುದ್ದಿ ಯಾರೂ ಎತ್ತವಲ್ಲರು, ನಾನೇ ಎತ್ತುತ್ತೇನೆ. ನಮ್ಮ ಜಿಮ್ಮಿನ ಕೆಳಗೇ ಒಂದು ಹೋಟೆಲ್. ಬೆಳಿಗ್ಗೆ ಏಳಕ್ಕೆ ಬೆವರು ಒರೆಸುತ್ತಾ ಇಳಿದ ಮಂದಿ ಸೀದಾ ಒಳಗೆ. "ಇವತ್ತು 400 ಸುಟ್ಟೇವಿ" ಅಂತ ಮಸಾಲೆ ದೋಸೆ, ಮೇಲೆ ಒಂದು ವಡೆ, ಸಕ್ಕರೆ ಜಾಸ್ತಿ ಚಹಾ. ಮಸಾಲೆ ದೋಸೆಯೊಂದೇ 350ರ ಮೇಲೆ, ಬೆಣ್ಣೆ ಬಿದ್ದರೆ ಕೇಳಲೇಬೇಡಿ. ಮಷಿನ್ ಯಾವುದಾದರೂ ಹತ್ತಿರಿ, ಇಳಿದ ಮೇಲೆ ಎಲ್ಲಿಗೆ ಹೋಗುತ್ತೀರಿ ಅದನ್ನು ಹೇಳಿರಿ.

ಲೆಕ್ಕದ_ಮೇಷ್ಟ್ರು
ಮಿರ್ಚಿಯವರೇ, ನೂರಕ್ಕೆ ನೂರು. 84 ಕೆ.ಜಿ.ಯವರು ಅರ್ಧ ಗಂಟೆ ಸುಮ್ನೆ ಕೂತಿದ್ದರೂ 42 ಕ್ಯಾಲೊರಿ ಖರ್ಚು. 320ರಲ್ಲಿ ಅದನ್ನು ಕಳೆಯಿರಿ, ನಿಜವಾದ ಗಳಿಕೆ 280. ವಾರಕ್ಕೆ ಐದು ದಿನ ಅಂದರೆ 1400. ಒಂದು ಕಿಲೋ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಅಂತ ಲೆಕ್ಕ. ಅಲ್ಲಿಗೆ ಬರೀ ಮಷಿನ್ ನಂಬಿದರೆ ಒಂದು ಕಿಲೋಗೆ ಐದೂವರೆ ವಾರ, ಅದೂ 10% ಏರಿಗೆ ಮುಟ್ಟಿದ ಮೇಲೆ. ತೂಕ ಇಳಿದಂತೆ ದೇಹದ ಖರ್ಚೂ ಇಳಿಯುವುದರಿಂದ ಇನ್ನೂ ನಿಧಾನ ಆಗುತ್ತದೆ. ಮನೆಯವರು ಹೇಳಿದ ಎರಡನೇ ಸಲದ ಅನ್ನ, ಸಾರು, ತುಪ್ಪ ಸೇರಿ ಸುಲಭವಾಗಿ 250 ಆಗುತ್ತದೆ. ಅದನ್ನು ಬಿಡಲು ಮಷಿನ್ ಬೇಡ, ಮುಂಜಾನೆ ಏಳುವುದೂ ಬೇಡ.

ಕಬ್ಬನ್‌ಪಾರ್ಕ್_ಓಟ
ಹಾಗಾದರೆ ಮಷಿನ್ ಯಾಕೆ, ಊಟ ಕಡಿಮೆ ಮಾಡಿ ಮನೆಯಲ್ಲೇ ಇರಬಹುದಲ್ಲ!

ಫಿಸಿಯೋ_ದಾವಣಗೆರೆ
ಇರಬಹುದು, ಆದರೆ ಬಿಪಿ ಮತ್ತು ಶುಗರ್ ಅಲ್ಲೇ ಇರುತ್ತವೆ. ತೂಕ ಒಂದು ಕಿಲೋ ಇಳಿಯದಿದ್ದರೂ ಇವೆರಡಕ್ಕೆ ನಡಿಗೆಯಿಂದ ಲಾಭ ಇದೆ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಆ ಎರಡು ದಿನವನ್ನು ಎಲ್ಲರೂ ಬಿಡುತ್ತಾರೆ. ಊಟ ಕಡಿಮೆ ಮಾಡಿ ಬರೀ ಕಾರ್ಡಿಯೋ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ನಮ್ಮ ಊಟದಲ್ಲಿ ಮೊದಲೇ ಬೇಳೆ, ಮೊಟ್ಟೆ, ಮೊಸರು ಕಡಿಮೆ, ಅನ್ನ ಜಾಸ್ತಿ.

ಯಲಹಂಕದವರಿಗೆ ನಾನು ಬರೆದುಕೊಡುವುದಾದರೆ ಹೀಗೆ: ಮೂರು ದಿನ ಟ್ರೆಡ್‌ಮಿಲ್ ಏರು ನಡಿಗೆ, ಎರಡು ದಿನ ಸೈಕಲ್ ಅಥವಾ ರೋಯಿಂಗ್. ಸೈಕಲ್ ದಿನಗಳಲ್ಲಿ 20 ನಿಮಿಷಕ್ಕೆ ಮುಗಿಸಿ ಉಳಿದ ಹೊತ್ತು ಡಂಬಲ್, ಬಸ್ಕಿ. ಬಸ್ಕಿಯಲ್ಲಿ ಮಂಡಿ ಹಿಡಿದರೆ ಕುರ್ಚಿಗೆ ಕೂತು ಏಳುವುದು. ಕ್ರಾಸ್ ಟ್ರೈನರ್ ಇಷ್ಟ ಆದರೆ ಅದನ್ನೂ ಮಾಡಿ, ಬೇಡ ಅನ್ನುವುದಿಲ್ಲ. ರೆಸಿಸ್ಟೆನ್ಸ್ ಏರಿಸಿ ಮಾಡಿ, ಸ್ಕ್ರೀನ್ ಮೇಲೆ ಟವೆಲ್ ಹಾಕಿ.

ಯಲಹಂಕ_ನ್ಯೂಟೌನ್
ಎಲ್ಲರಿಗೂ ಧನ್ಯವಾದ. ಡಾಕ್ಟರಿಗೆ ಫೋನ್ ಮಾಡಿದೆ, ನಡಿಗೆಗೆ ಏನೂ ಅಡ್ಡಿ ಇಲ್ಲ, ನಿಧಾನಕ್ಕೆ ಏರಿಸಿ ಅಂದರು. ಖುಷಿಯಿಂದ ಜಿಮ್‌ಗೆ ಇಳಿದರೆ ಎಡಗಡೆ ಟ್ರೆಡ್‌ಮಿಲ್‌ನ ಏರು ಏಳುವುದೇ ಇಲ್ಲ! ಬಟನ್ ಒತ್ತಿದರೆ ಸಂಖ್ಯೆ ಏರುತ್ತದೆ, ಬೆಲ್ಟ್ ಮಾತ್ರ ನೆಲಕ್ಕೆ ಅಂಟಿಕೊಂಡೇ ಇದೆ. ಬಲಗಡೆಯದು ಸರಿ ಇದೆ, ಆದರೆ ಮೂರನೇ ಮಹಡಿಯ ಅಂಕಲ್ ಐದೂಮುಕ್ಕಾಲಿಗೇ ಅದನ್ನು ಹಿಡಿದಿರುತ್ತಾರೆ. ಸಮತಟ್ಟಿನಲ್ಲೇ ನಡೆಯುತ್ತಾರೆ, ಏರು ಮುಟ್ಟುವುದೇ ಇಲ್ಲ.

ಮಷಿನ್_ರಿಪೇರಿ
ಬಟನ್ ಒತ್ತಿದಾಗ ಕೆಳಗಿನಿಂದ ಗುಂಯ್ ಅಂತ ಮೋಟಾರ್ ಸದ್ದು ಬರುತ್ತದಾ? ಬಂದೂ ಏಳದಿದ್ದರೆ ಸ್ಕ್ರೂ ಅಥವಾ ಪಿನ್ ಹೋಗಿದೆ. ಸದ್ದೇ ಇಲ್ಲದಿದ್ದರೆ ಏರಿನ ಮೋಟಾರ್ ಹೋಗಿರಬಹುದು, ವೈರು ಬಿಟ್ಟಿರಬಹುದು. ಕರೆಂಟ್ ಹೋಗಿ ಬಂದಾಗ ಕ್ಯಾಲಿಬ್ರೇಷನ್ ತಪ್ಪಿದ್ದೂ ಆಗಿರಬಹುದು, ಅದಾದರೆ ಹತ್ತು ನಿಮಿಷದ ಕೆಲಸ. ನೀವೇ ಮುಚ್ಚಳ ಬಿಚ್ಚಬೇಡಿ. ಎಎಂಸಿ (ವರ್ಷದ ಸರ್ವಿಸ್ ಒಪ್ಪಂದ) ಇದೆಯಾ?

ಯಲಹಂಕ_ನ್ಯೂಟೌನ್
ಸದ್ದು ಇಲ್ಲ. ಎಎಂಸಿ ಮುಗಿದಿದೆಯಂತೆ, ಮುಂದಿನ ಕಮಿಟಿ ಮೀಟಿಂಗಿಗೆ ಇಡುತ್ತೇವೆ ಅಂದರು ಸೆಕ್ರೆಟರಿ.

ಮಷಿನ್_ರಿಪೇರಿ
ಮೀಟಿಂಗಿಗೆ ಹೋದಾಗ ಮೂರು ತಿಂಗಳಿಗೊಮ್ಮೆ ಬೆಲ್ಟ್ ಕೆಳಗೆ ಸಿಲಿಕಾನ್ ಎಣ್ಣೆ, ಬೆಲ್ಟ್ ಬಿಗಿ, ಏರಿನ ಮೋಟಾರ್ ತಪಾಸಣೆ, ಕೆಂಪು ಸೇಫ್ಟಿ ಕ್ಲಿಪ್ ಇಷ್ಟನ್ನೂ ಎಎಂಸಿಯಲ್ಲಿ ಬರೆಸಿ. ಬಹಳ ಕಡೆ ಆ ಕ್ಲಿಪ್ಪೇ ಕಳೆದುಹೋಗಿ, ಅದರ ಜಾಗದಲ್ಲಿ ಫ್ರಿಜ್ ಮೇಲಿನ ಮ್ಯಾಗ್ನೆಟ್ ಅಂಟಿಸಿರುತ್ತಾರೆ. ಜಾರಿ ಬಿದ್ದರೆ ಬೆಲ್ಟ್ ನಿಲ್ಲುವುದಿಲ್ಲ ಆಗ. ಕ್ಲಿಪ್ಪನ್ನು ಅಂಗಿಗೆ ಸಿಕ್ಕಿಸಿಕೊಂಡೇ ನಡೆಯಿರಿ.

ಎರಡು_ಮಕ್ಕಳ_ಅಮ್ಮ
ಅಂಕಲ್‌ಗೆ ಏರು ಬೇಡ, ನಿಮಗೆ ಬೇಕು. ಎಡಗಡೆಯದಕ್ಕೆ ಹೋಗಿ ಅಂತ ಒಂದು ಮಾತು ಕೇಳಿದರೆ ಆಗುವುದಿಲ್ಲವಾ?

ಯಲಹಂಕ_ನ್ಯೂಟೌನ್
ಇವತ್ತು ಕೇಳಿದೆ. "ಧಾರಾಳವಾಗಿ ಬಾಪ್ಪಾ, ನನಗೆ ಯಾವುದಾದರೇನು" ಅಂದರು. ಆದರೆ ಗೋಡೆ ಫ್ಯಾನ್ ಬಲಗಡೆಗೆ ಮಾತ್ರ ಬೀಸುತ್ತದೆ, ಅದು ಎಡಕ್ಕೆ ತಿರುಗಿದ ದಿನ ಬರುತ್ತಾರಂತೆ.

ಮಷಿನ್_ರಿಪೇರಿ
ಅದಕ್ಕೆ ಎಎಂಸಿ ಬೇಡ ಸರ್. ಫ್ಯಾನಿನ ಹಿಂದೆ ಒಂದು ಗುಂಡಿ ಇರುತ್ತದೆ, ಒತ್ತಿದರೆ ಎರಡೂ ಕಡೆ ತಿರುಗುತ್ತದೆ.

ಹುಬ್ಬಳ್ಳಿ_ಮಿರ್ಚಿ
ಎತ್ತರಕ್ಕೆ ಅದ ಅಂದರೆ ಸ್ಟೂಲ್ ಹತ್ತಿರಿ, ಒಂದು ಮೆಟ್ ಅದರಾಗೂ ಸಿಗತದ.